ಎರಡೂವರೆಯ ಕಾರ್ಯಕ್ರಮ ಕಾಣೆಯಾಗಿದೆ

ಬಾನುಲಿ ನಿಲಯದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ ಎಂದು ಮೂರು ಸಲ ಬರೆದು ಅಂಚೆಗೆ ಹಾಕಿದೆ. ಮೂರಕ್ಕೂ ಉತ್ತರ ಬಂತು, ಒಂದರಲ್ಲೂ ನಾನು ಕೇಳಿದ್ದು ಇರಲಿಲ್ಲ. ಆದ್ದರಿಂದ ನಾಲ್ಕನೆಯ ಸಲ ಊರಿನವರೆಲ್ಲ ಓದುವ ಹಾಗೆ ಪತ್ರಿಕೆಯಲ್ಲೇ ಕೇಳುತ್ತಿದ್ದೇನೆ. ಮೂವತ್ತು ವರ್ಷಗಳ ಹಿಂದೆ, ವಾರದ ದಿನಗಳಲ್ಲಿ, ಮಧ್ಯಾಹ್ನ ಎರಡೂವರೆಯಿಂದ ಮೂರು ಗಂಟೆಯವರೆಗೆ ನಿಮ್ಮ ನಿಲಯದಿಂದ ಏನು ಪ್ರಸಾರವಾಗುತ್ತಿತ್ತು? ಇಷ್ಟೇ ಪ್ರಶ್ನೆ. ಇದಕ್ಕೆ ಉತ್ತರ ಸಿಗದೆ ನನ್ನ ಯಜಮಾನರು ಊಟ ಬಿಟ್ಟಿದ್ದಾರೆ.

ನಿಮ್ಮ ಮೊದಲ ಉತ್ತರ: "ಸದರಿ ಅವಧಿಯ ಕಾರ್ಯಕ್ರಮ ವಿವರಗಳು ಲಭ್ಯವಿರುವುದಿಲ್ಲ." ಎರಡನೆಯದು: "ತಾವು ನಮ್ಮ ಆಪ್ ಮೂಲಕ ಬೇಕಾದ ಕಾರ್ಯಕ್ರಮವನ್ನು ಬೇಕಾದಾಗ ಆಲಿಸಬಹುದಾಗಿದೆ." ಮೂರನೆಯದು ಎಷ್ಟು ಚೆನ್ನಾಗಿದೆಯೆಂದರೆ ಅದನ್ನು ಆಮೇಲೆ ಹೇಳುತ್ತೇನೆ, ಮೊದಲೇ ಹೇಳಿದರೆ ಉಳಿದದ್ದನ್ನು ಯಾರೂ ಓದಲಿಕ್ಕಿಲ್ಲ.

ನಾನು ಹಳ್ಳಿ ಶಾಲೆಯಲ್ಲಿ ಮೂರನೆಯ ತರಗತಿಯವರೆಗೆ ಓದಿದವಳು. ನಾಲ್ಕನೆಯದಕ್ಕೆ ಮೇಷ್ಟರೇ ಬರಲಿಲ್ಲ, ನಾನೇನು ಮಾಡಲಿ. ಉಳಿದ ಓದನ್ನೆಲ್ಲ ನಿಮ್ಮ ನಿಲಯವೇ ಓದಿಸಿತು. ಈ ಪತ್ರದಲ್ಲಿ ಎಲ್ಲಾದರೂ ದೊಡ್ಡ ದೊಡ್ಡ ಮಾತು ಕಂಡರೆ ಅದು ನಿಮ್ಮ ವಾರ್ತೆಯವರು ಕಲಿಸಿದ್ದು. ಬೈಗುಳ ಕಂಡರೆ ಅದು ನನ್ನ ಸ್ವಂತದ್ದು. ಇಪ್ಪತ್ತಾರು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮಧ್ಯಾಹ್ನದ ಪಾಳಿ ಮಾಡಿದೆ. ಒಂದು ಗಂಟೆಗೆ ಬಾಯ್ಲರ್ ಮುಂದೆ ನಿಂತರೆ ಐದಕ್ಕೆ ಬಿಡುಗಡೆ. ಆ ಸದ್ದಿನಲ್ಲಿ ಪಕ್ಕದಲ್ಲಿ ನಿಂತವಳು ಕೂಗಿದರೂ ಕೇಳುತ್ತಿರಲಿಲ್ಲ, ರೇಡಿಯೊ ದೂರದ ಮಾತು.

ಯಜಮಾನರು ಪುಸ್ತಕ ಬೈಂಡಿಂಗ್ ಮಾಡುವವರು. ಗ್ರಂಥಾಲಯದ ಹರಿದ ಪುಸ್ತಕಗಳು, ಶಾಲೆಯ ಹಾಜರಿ ಪುಸ್ತಕಗಳು, ಎಲ್ಲ ಮನೆಗೇ ಬರುತ್ತಿದ್ದವು. ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಅವರ ಮೇಜು, ಗೋಡೆಯ ಹಲಗೆಯ ಮೇಲೆ ರೇಡಿಯೊ. ಬೈಂಡಿಂಗ್ ಎಂದರೆ ಬೆಳಗಿನಿಂದ ಸಂಜೆಯವರೆಗೆ ಮೊಣಕೈ ತನಕ ಅಂಟು. ಅಂಟುಗೈಯಲ್ಲಿ ರೇಡಿಯೊ ಮುಟ್ಟಿದರೆ ನಾನು ಸುಮ್ಮನಿರುತ್ತಿದ್ದೆನೇ? ಹಾಗಾಗಿ ಬೆಳಿಗ್ಗೆ ಹಚ್ಚುವವಳೂ ನಾನು, ರಾತ್ರಿ ಆರಿಸುವವಳೂ ನಾನು. ನಡುವೆ ನೀವು ಏನು ಕೊಟ್ಟಿರೋ ಅದನ್ನು ಅವರು ಕೇಳಲೇಬೇಕು. ಒಂದು ಅಂಗುಲ ಹೊಲವಿಲ್ಲದ ಮನುಷ್ಯನಿಗೆ ಯಾವ ಬೆಳೆಗೆ ಎಷ್ಟು ಗೊಬ್ಬರ ಎಂಬುದು ಬಾಯಿಪಾಠ. ಸಮುದ್ರವನ್ನೇ ನೋಡದವರು, ಮೀನುಗಾರರು ಇಂದು ಕಡಲಿಗಿಳಿಯಬಾರದು ಎಂದು ನೀವು ಹೇಳಿದರೆ ಕತ್ತರಿ ಕೆಳಗಿಟ್ಟು "ಅಯ್ಯೋ, ಪಾಪ" ಎನ್ನುವರು. ಮಕ್ಕಳ ಕಾರ್ಯಕ್ರಮದ ಒಗಟು, ಕಾರ್ಮಿಕರ ಕಾರ್ಯಕ್ರಮದ ಕಾನೂನು, ಶಾಲೆಗಳಿಗಾಗಿ ಪಾಠ, ಮೂಲವ್ಯಾಧಿಯ ಬಗ್ಗೆ ವೈದ್ಯರ ಭಾಷಣ, ಒಂದು ಗಂಟೆ ಆಲಾಪದಲ್ಲೇ ನಿಂತ ಸಂಗೀತ, ನದಿಯ ನೀರಿನ ಮಟ್ಟ, ಕಾಣೆಯಾದವರ ಚಹರೆ, ಪಂದ್ಯದ ವೀಕ್ಷಕ ವಿವರಣೆ, ಎಲ್ಲ ಒಂದೇ ಅಂಟಿನಲ್ಲಿ ಅವರ ತಲೆಯೊಳಗೆ ಅಂಟಿಕೊಂಡಿತು. ಮಹಿಳೆಯರ ಕಾರ್ಯಕ್ರಮದಲ್ಲಿ ಸ್ವೆಟರಿನ ಹೊಸ ಹೆಣಿಗೆ ಹೇಳಿದರೆ ಕೈಗೆ ಸಿಕ್ಕಿದ ರಟ್ಟಿನ ಮೇಲೆ ಗೀಚಿಡುವರು. ಒಂದು ಸಲ ಹಾಗೆ ಗೀಚಿದ ರಟ್ಟನ್ನೇ ಮರೆತು ಒಂದು ದೊಡ್ಡ ನಿಘಂಟಿಗೆ ಹಾಕಿ ಬಟ್ಟೆ ಹೊದಿಸಿ ಕಳಿಸಿಬಿಟ್ಟರು. ನಾನು ಬೆನ್ನಿನ ಭಾಗ ಮುಗಿಸಿ ತೋಳಿಗೆ ಕೈಹಾಕಿದ್ದೆ. ತೋಳಿನ ಲೆಕ್ಕ ಇಂದಿಗೂ ಗ್ರಂಥಾಲಯದಲ್ಲಿದೆ. ನಮ್ಮ ಮಗಳು ಆ ಚಳಿಗಾಲವಿಡೀ ತೋಳಿಲ್ಲದ ಸ್ವೆಟರ್ ಹಾಕಿಕೊಂಡು ಓಡಾಡಿದಳು.

ಬೇಕಾದ್ದನ್ನು ಬೇಕಾದಾಗ ಕೇಳಿ ಎನ್ನುತ್ತೀರಿ. ಸ್ವಾಮಿ, ಏನು ಬೇಕು ಎಂದು ಮೊದಲೇ ಗೊತ್ತಿದ್ದವರಿಗೆ ಅದು ಸರಿ. ನಮಗೆ ಏನು ಗೊತ್ತಿತ್ತು? ಮೂರನೆಯ ತರಗತಿಯವಳು ಎದ್ದು ನಿಂತು, ನನಗೆ ಇವತ್ತು ಗ್ರಹಣದ ವಿಷಯ ಬೇಕು, ನಾಳೆ ಹಾವಿನ ವಿಷದ ವಿಷಯ ಬೇಕು ಎಂದು ಕೇಳುತ್ತಿದ್ದಳೇ? ನಾವು ಕೇಳದೇ ಇದ್ದದ್ದನ್ನು ನೀವು ಕೊಟ್ಟಿರಿ. ಬೇಡ ಎನ್ನಲು ಕೈ ಖಾಲಿ ಇರಲಿಲ್ಲ, ಅದಕ್ಕೇ ನಾಲ್ಕು ಅಕ್ಷರ ಒಳಗೆ ಹೋಯಿತು. ಈಗಲೋ, ಆರು ನಿಲಯಗಳನ್ನು ಒಂದು ಮಾಡಿದ್ದೀರಿ, ಬೆಳಿಗ್ಗೆಯಿಂದ ರಾತ್ರಿಯವರೆಗೆ ಇಬ್ಬರು ನಗುತ್ತಾರೆ. ಒಬ್ಬ ನಕ್ಕ ಮೇಲೆ ಇನ್ನೊಬ್ಬಳು ನಗುತ್ತಾಳೆ, ನಡುವೆ ಹಾಡು. ಇಡೀ ನಾಡಿಗೆ ಒಂದೇ ನಗು ಸಾಕು ಎಂದು ತೀರ್ಮಾನಿಸಿದ ಸಭೆಯಲ್ಲಿ ಯಾರಾದರೂ ಒಬ್ಬರು ಅತ್ತರೇ?

ಎರಡು ವರ್ಷದ ಹಿಂದೆ ಯಜಮಾನರಿಗೆ ಮರೆವಿನ ಕಾಯಿಲೆ ಹಿಡಿಯಿತು. ಮೊದಲು ಬೀದಿ ಮರೆತರು, ಆಮೇಲೆ ಮೊಮ್ಮಕ್ಕಳನ್ನು, ಆಮೇಲೆ ಆಗೊಮ್ಮೆ ಈಗೊಮ್ಮೆ ನನ್ನನ್ನು. ಮರೆಯದೇ ಉಳಿದದ್ದು ಒಂದೇ, ನಿಮ್ಮ ಹಳೆಯ ದಿನಚರಿ. ಬೆಳಿಗ್ಗೆ ಆರಕ್ಕೆ ಎದ್ದು ಹಲಗೆಯ ಕಡೆ ಮುಖ ಮಾಡಿ ಕೂರುತ್ತಾರೆ. ಹಚ್ಚಿದೆ. ನಿಮ್ಮ ಜೋಡಿ ನಗಲು ಶುರುಮಾಡಿತು. "ಯಾರೋ ಬಂದಿದಾರೆ ನೋಡು, ಕುರ್ಚಿ ಹಾಕು" ಎಂದರು. ಹತ್ತು ನಿಮಿಷ ಕಾದು, "ಇವರು ಯಾವಾಗ ಹೋಗ್ತಾರೆ?" ಎಂದರು. ಆರಿಸಿದೆ. ಮತ್ತೆ ಚಡಪಡಿಕೆ, "ಇನ್ನೂ ಬರಲಿಲ್ವಲ್ಲ, ಇನ್ನೂ ಬರಲಿಲ್ವಲ್ಲ."

ಹೀಗೇ ಒಂದು ವಾರ ನೋಡಿ ನಾನೇ ರೇಡಿಯೊ ಆದೆ.

ನಗಬೇಡಿ. ಅಡುಗೆಮನೆಗೂ ಮುಂದಿನ ಕೋಣೆಗೂ ನಡುವೆ ಒಂದು ಮೋಟುಗೋಡೆ ಇದೆ, ಅದರ ಈಚೆ ಸ್ಟೂಲಿನ ಮೇಲೆ ಕೂರುತ್ತೇನೆ. ಲೋಟಕ್ಕೆ ಚಮಚದಿಂದ ಆರು ಸಲ ಬಡಿದರೆ ಗಂಟೆಯಾಯಿತು. ಆಮೇಲೆ ಹವಾಮಾನ, ವಾರ್ತೆ, ರೈತರಿಗೆ ಸಲಹೆ. ಎಲ್ಲವೂ ನನಗೆ ನಾಲಿಗೆ ತುದಿಯಲ್ಲೇ ಇದೆ, ಅರ್ಧ ಆಯುಷ್ಯ ಕೇಳಿದ್ದೇನಲ್ಲ. ಮೊದಲ ದಿನವೇ ಭಾರೀ ಮಳೆಯ ಸಾಧ್ಯತೆ ಎಂದು ರೂಢಿಯ ಮೇಲೆ ಹೇಳಿಬಿಟ್ಟೆ. ಸುಡುಬಿಸಿಲಿನಲ್ಲಿ ಸಂಜೆಯವರೆಗೂ ಕೊಡೆ ತೊಡೆಯ ಮೇಲಿಟ್ಟುಕೊಂಡು ಕೂತರು, ಒಣಗಲು ಹಾಕಿದ ಬಟ್ಟೆಯನ್ನು ಮೂರು ಸಲ ಒಳಗೆ ತಂದರು. ಅಂದಿನಿಂದ ನಮ್ಮ ಮನೆಯಲ್ಲಿ ಒಣಹವೆಯೇ. ಇನ್ನೊಂದು ದಿನ ವಾರ್ತೆಯ ನಡುವೆ ಹಾಲು ಉಕ್ಕಿತು, ನಾನು "ಹಾಳಾಗಿಹೋಗ, ಒಂದು ನಿಮಿಷ ತಿರುಗೋಹಾಗಿಲ್ಲ" ಎಂದೆ. ಆಚೆಯಿಂದ ಅವರು, ಬಹಳ ಗಂಭೀರವಾಗಿ, "ಯಾರದೋ ಹೆಂಡತೀನ ಸ್ಟೇಷನ್ ಒಳಗೆ ಬಿಟ್ಟುಬಿಟ್ಟಿದಾರೆ" ಎಂದರು. ಮಗಳು ಬಸ್ ಕಂಡಕ್ಟರ್, ಅವಳ ಸಂಸಾರವೂ ನಮ್ಮ ಜೊತೆಗೇ. ಸಂಜೆ ಡ್ಯೂಟಿ ಮುಗಿಸಿ ಬಂದವಳು ವೀಕ್ಷಕ ವಿವರಣೆ ಕೊಡುತ್ತಾಳೆ. ಅವಳ ಆಟದಲ್ಲಿ ಆಟಗಾರರೆಲ್ಲ ಮುಂದೆ ಹೋಗುತ್ತಲೇ ಇರುತ್ತಾರೆ, ಬಾಗಿಲ ಹತ್ತಿರ ಯಾರೂ ನಿಲ್ಲುವಂತಿಲ್ಲ. ಆದರೂ ಅವರು ಕೇಳುತ್ತಾರೆ. ಕೇಳುತ್ತ ಬೆರಳು ತಾನಾಗಿ ಹಾಳೆ ಮಡಚುತ್ತದೆ, ಹಳೆಯ ಪತ್ರಿಕೆಗಳನ್ನು ಮುಂದಿಟ್ಟಿದ್ದೇನೆ.

ಐದು ತಿಂಗಳಿಂದ ಎರಡೂವರೆಗೆ ಮಾತ್ರ ಎಲ್ಲ ನಿಂತುಹೋಗುತ್ತದೆ. ಒಂದು ಗಂಟೆಯಿಂದ ಕುರ್ಚಿಯಲ್ಲೇ ತೂಕಡಿಸುತ್ತಿದ್ದವರು ಯಾರೋ ಮುಟ್ಟಿ ಎಬ್ಬಿಸಿದಂತೆ ಕಣ್ಣು ಬಿಡುತ್ತಾರೆ. ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿ, ತಲೆ ಓರೆ ಮಾಡಿ, ಕಿವಿ ಹಲಗೆಯ ಕಡೆಗೆ. ಆ ಅರ್ಧ ಗಂಟೆಯದ್ದು ಮುಗಿದ ಮೇಲೆ ಅಂಟು ತೊಳೆದುಕೊಂಡು, ನಾನು ಮುಚ್ಚಿಟ್ಟು ಹೋಗಿದ್ದ ಊಟ ಮಾಡುವುದು ಅವರ ಅಂದಿನ ಪದ್ಧತಿ. ಈಗ ಅದು ಬರುವುದೂ ಇಲ್ಲ, ಮುಗಿಯುವುದೂ ಇಲ್ಲ. ಮುಗಿಯದೆ ಕೈ ತೊಳೆಯುವುದು ಹೇಗೆ? ತಟ್ಟೆ ಮುಂದಿಟ್ಟರೆ, "ಇರಿ, ಇನ್ನೂ ಆಗಿಲ್ಲ" ಎಂದು ಸರಿಸುತ್ತಾರೆ. ರಾತ್ರಿಯ ತುತ್ತಿನ ಹೊತ್ತಿಗೂ ಮನಸ್ಸು ಅಲ್ಲೇ. ಈ ಐದು ತಿಂಗಳಲ್ಲಿ ಅವರ ಉಂಗುರ ಮೂರು ಸಲ ಕಳಚಿ ಬಿದ್ದಿದೆ. ತಿಂಗಳ ಕೊನೆಯವರೆಗೆ ನೋಡೋಣ, ಆಮೇಲೆ ಮೂಗಿನಿಂದ ನಳಿಕೆ ಎಂದಿದ್ದಾರೆ ಡಾಕ್ಟರು. ಹಿಡಿದು ಕಿತ್ತುಹಾಕುವ ಕೈ ಅದು, ಕೈ ಕಟ್ಟಬೇಕಾಗುತ್ತದೆ ಎಂದೂ ಹೇಳಿದ್ದಾರೆ. ಐವತ್ತು ವರ್ಷ ದುಡಿದ ಆ ಕೈಗಳನ್ನು ನಾನು ಮಂಚಕ್ಕೆ ಕಟ್ಟಬೇಕೇ?

ನೀನೇ ಏನಾದರೂ ಹೇಳಬಾರದೇ ಎನ್ನುವಿರಿ. ಹೇಳಲಿಲ್ಲವೇ! ಕಥೆ ಹೇಳಿದೆ, ಭಾಷಣ ಮಾಡಿದೆ, ಈ ಹಾಳು ಗಂಟಲಲ್ಲಿ ಹಾಡಿಯೂ ಹಾಡಿದೆ. ಬೆಳಿಗ್ಗೆ ನನ್ನ ದನಿಯನ್ನು ರೇಡಿಯೊ ಎಂದು ನಂಬುವವರು ಆ ಅರ್ಧ ಗಂಟೆ ಮಾತ್ರ ನಂಬುವುದಿಲ್ಲ. ಅವರ ಲೆಕ್ಕದಲ್ಲಿ ಆ ಹೊತ್ತಿಗೆ ನಾನು ಮನೆಯಲ್ಲೇ ಇಲ್ಲ, ಆಸ್ಪತ್ರೆಯಲ್ಲಿ ಹೊದಿಕೆ ಹಿಂಡುತ್ತಿದ್ದೇನೆ. ಒಂದು ದಿನ ಮೋಟುಗೋಡೆಯ ಹತ್ತಿರ ಬಂದು ನಿಂತು ನನ್ನನ್ನು ನೋಡಿ, ಹೊರಗಿನವರ ಹತ್ತಿರ ಮಾತಾಡುವ ಹಾಗೆ, "ಇದಲ್ಲ ಅಮ್ಮಾ, ನೀವು ಬೇರೆ ಯಾವುದೋ ಹಾಕಿದೀರ. ನನ್ನ ಹೆಂಡತಿ ಬಂದ ಮೇಲೆ ಸರಿ ಮಾಡ್ತಾಳೆ, ನೀವು ಮುಟ್ಟಬೇಡಿ" ಎಂದರು.

ಅಧಿಕಾರಿಗಳೇ, ನಿಮ್ಮನ್ನು ಬೈಯುವುದಕ್ಕೆ ಮೊದಲು ನನ್ನನ್ನು ನಾನು ಬೈದುಕೊಂಡಿದ್ದೇನೆ. ಅದು ಏನು ಕಾರ್ಯಕ್ರಮ ಎಂದು ನನಗೆ ತಿಳಿಯದೇ ಹೋದದ್ದು ಯಾರೂ ಹೇಳದೆ ಅಲ್ಲ. ಅವರು ದಿನಾ ಹೇಳುತ್ತಿದ್ದರು. ಸಂಜೆ ನಾನು ಬಾಗಿಲು ತಳ್ಳಿದೊಡನೆ ಶುರು, "ಇವತ್ತು ಏನಾಯ್ತು ಗೊತ್ತಾ..." ನಾನು ನಾಲ್ಕು ಗಂಟೆ ಬಿಸಿನೀರಿನ ಹಬೆಯಲ್ಲಿ ನಿಂತು ಬಂದವಳು, ಬೆರಳಿನ ಸಂದಿ ಬಿಳಿಚಿಕೊಂಡು, ಕಾಲು ಕಂಬವಾಗಿ. "ಅಯ್ಯೋ, ಸಾಕು ಮಾಡಿ ಮಾರಾಯ್ರೆ, ಮೊದಲು ಕಾಲು ಚಾಚೋಕೆ ಬಿಡಿ" ಎನ್ನುತ್ತಿದ್ದೆ. ಸುಮ್ಮನಾಗುತ್ತಿದ್ದರು. ಮಾರನೆಯ ದಿನ ಮತ್ತೆ ಶುರು, ಮತ್ತೆ ಸುಮ್ಮನೆ. ಇಪ್ಪತ್ತಾರು ವರ್ಷ. ಭಾನುವಾರ ಮನೆಯಲ್ಲಿರುತ್ತಿದ್ದೆ, ಅಂದು ಬೇರೆ ನಾಟಕ, ನನಗೋ ನಿದ್ದೆ. ಮಗಳು ಆ ಹೊತ್ತಿಗೆ ಶಾಲೆಯಲ್ಲಿ, ರಜೆಯಲ್ಲಾದರೆ ಬೀದಿಯ ಆಟದಲ್ಲಿ. ನನ್ನ ಕಿವಿಯಲ್ಲಿ ಉಳಿದಿರುವುದು ಮೂರೇ ಚೂರು. ಒಂದು ದೀಪಸ್ತಂಭ. ಯಾರಿಗೋ ಬರಬೇಕಾಗಿದ್ದ ಪತ್ರ. ಮತ್ತೆ ಒಂದು ಕುದುರೆ. ಕುದುರೆಯ ದಿನ ಚೆನ್ನಾಗಿ ನೆನಪಿದೆ. ಅಂಟುಗೈಯನ್ನು ಮೈಗೆ ತಾಗದ ಹಾಗೆ ದೂರ ಹಿಡಿದು ಬಾಗಿಲಲ್ಲೇ ನಿಂತಿದ್ದರು, ಕಣ್ಣು ಒರೆಸಿಕೊಳ್ಳುವುದಕ್ಕೂ ಆಗದೆ ನೀರು ಹಾಗೇ ಇಳಿದಿತ್ತು.

"ಕುದುರೆ ಸತ್ತುಹೋಯ್ತು ಕಣೇ."

"ಯಾರ ಕುದುರೆ? ನಿಮ್ಮಪ್ಪ ಕಟ್ಟಿಹೋಗಿದ್ರಾ?" ಎಂದು ಹೇಳಿ ನಾನು ಒಳಗೆ ಹೋದೆ.

ಈ ಮೂರು ಚೂರುಗಳನ್ನು ನನ್ನ ಮೂರನೆಯ ಪತ್ರದಲ್ಲಿ ಬರೆದೆ. ಬಹುಶಃ ದಿನಕ್ಕಿಷ್ಟು ಎಂದು ಓದುತ್ತಿದ್ದ ದೊಡ್ಡ ಕಥೆಯಿರಬೇಕು, ದಯಮಾಡಿ ಹುಡುಕಿ ಎಂದು ಕೇಳಿಕೊಂಡೆ. ಬಂತು ನಿಮ್ಮ ಉತ್ತರ, ಮುದ್ರೆ ಸಹಿತ: "ಈ ನಿಲಯದ ವತಿಯಿಂದ ಯಾವುದೇ ಕುದುರೆಯನ್ನು ನಿರ್ವಹಿಸಲಾಗಿರುವುದಿಲ್ಲ. ಪಶು ಸಂಬಂಧಿತ ದೂರುಗಳಿಗಾಗಿ ಸಂಬಂಧಪಟ್ಟ ಇಲಾಖೆಯನ್ನು ಸಂಪರ್ಕಿಸುವುದು." ಓದಿ ನಾನೂ ಮಗಳೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕು ಮುಗಿದ ಮೇಲೆ ಅವಳು ಆ ಪತ್ರವನ್ನು ಮಡಚಿ ತನ್ನ ಟಿಕೆಟ್ ಚೀಲಕ್ಕೆ ಹಾಕಿಕೊಂಡಳು.

ಅವಳೇ ದಾರಿ ಹುಡುಕಿದಳು. ಹೋದ ತಿಂಗಳು ಅವಳ ಬಸ್ಸಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಔಷಧಿ ಅಂಗಡಿ ಸ್ಟಾಪಿಗೆ ಟಿಕೆಟ್ ಕೇಳಿದರು. ದನಿ ಕೇಳಿ ಮಗಳು ಟಿಕೆಟ್ ಹರಿಯುವುದನ್ನೇ ಮರೆತು, "ಮೇಡಂ, ನೀವು ರೇಡಿಯೊದಲ್ಲಿ ಬರ್ತಿದ್ರಾ?" ಎಂದಳಂತೆ. "ಬರ್ತಿದ್ದೆ, ಮಧ್ಯಾಹ್ನದ ಪಾಳಿ" ಎಂದರಂತೆ. ಮರುದಿನವೇ ಆ ಉದ್ಘೋಷಕಿಯ ಮನೆ ಹುಡುಕಿಕೊಂಡು ಹೋದೆ. ಔಷಧಿ ಅಂಗಡಿಯ ಹಿಂದೆ ಒಂದೇ ಕೋಣೆ, ಒಂದು ಮಂಚ, ಎರಡು ಗಡಿಯಾರ. ಗಡಿಯಾರ ಎರಡೇಕೆ ಎಂದರೆ, "ಒಂದು ತಪ್ಪಿದ್ರೆ ಅಂತ ಭಯ, ಹಳೇ ಚಟ" ಎಂದರು.

ನಾನು ದೀಪಸ್ತಂಭ ಎಂದೆ, ಪತ್ರ ಎಂದೆ, ಕುದುರೆ ಎಂದೆ. ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು:

"ಓದಿದೀನಿ. ನಾನೇ ಓದಿದೀನಿ. ಕುದುರೆಗೆ ಒಂದು ಹೆಸರೂ ಇತ್ತು. ಆದ್ರೆ ಏನ್ ಓದಿದೆ ಅಂತ ಕೇಳಿದ್ರೆ... ನಮಗೆ ಗಾಜಿನ ಆಚೆಯ ಕೆಂಪು ದೀಪ ನೆನಪಿರುತ್ತೆ, ನಿಮಿಷದ ಮುಳ್ಳು ನೆನಪಿರುತ್ತೆ. ಓದಿದ ಹಾಳೆ ಬುಟ್ಟಿಗೆ." ಆಮೇಲೆ ಮೆಲ್ಲಗೆ, "ಆ ಹೊತ್ತಲ್ಲಿ ಯಾರು ಕೇಳ್ತಾರೆ, ಬರೀ ಕುರ್ಚಿ ಮೇಜು ಕೇಳ್ತವೆ ಅಂತ ನಾವು ನಗ್ತಿದ್ವಿ. ನಿಜವಾಗ್ಲೂ ಒಬ್ರು ಅತ್ರಾ?"

ಅವರಿಂದಲೇ ಇನ್ನೊಂದು ವಿಷಯ ತಿಳಿಯಿತು. ಆ ಕಾಲದಲ್ಲಿ ಹೊಸ ಟೇಪಿಗೆ ಬರ. ಹಳೆಯದರ ಮೇಲೇ ಹೊಸದನ್ನು ತುಂಬುತ್ತಿದ್ದರಂತೆ. ಆ ಕಥೆಯ ಕೆಲವು ಸುರುಳಿಗಳ ಮೇಲೆ ನಿಮ್ಮ ಕುರ್ಚಿಯಲ್ಲಿ ಹಿಂದೆ ಕೂತಿದ್ದವರೊಬ್ಬರ ಬೀಳ್ಕೊಡುಗೆ ಸಮಾರಂಭದ ಭಾಷಣಗಳನ್ನು ತುಂಬಿದರಂತೆ. ಆ ಭಾಷಣಗಳು ಮಾತ್ರ ಒಂದಕ್ಷರ ಸವೆಯದೆ ಭದ್ರವಾಗಿವೆಯಂತೆ! ಅಧಿಕಾರಿಗಳು ಎಷ್ಟು ಸರಳ ಸಜ್ಜನರು ಎಂಬುದನ್ನು ಮುಂದಿನ ಪೀಳಿಗೆ ಯಾವಾಗ ಬೇಕಾದರೂ ಕೇಳಬಹುದು. ಉಳಿದ ಸುರುಳಿಗಳು, ಓದಿದ ಮೂಲ ಪ್ರತಿಗಳು, ನಿಲಯದ ನೆಲಮಾಳಿಗೆಯ ಉಗ್ರಾಣದಲ್ಲಿ ಡಬ್ಬಗಳಲ್ಲಿ ಇರಬಹುದು, ಇಲ್ಲದೆಯೂ ಇರಬಹುದು. ನಿಲಯಗಳೆಲ್ಲ ಒಂದಾದ ಮೇಲೆ ಬೇಡವಾದ ಈ ಕಟ್ಟಡ ಖಾಲಿ ಮಾಡುವಾಗ, ಅಂದರೆ ಈ ತಿಂಗಳ ಕೊನೆಗೆ, ಅದೆಲ್ಲ ಗುಜರಿಗೆ. ನನಗೂ ನಿಮಗೂ ಗಡುವು ಒಂದೇ ದಿನ ಬಿದ್ದಿದೆ ನೋಡಿ.

ಆ ತಾಯಿ ಅಷ್ಟಕ್ಕೇ ಬಿಡದೆ ನನ್ನ ಜೊತೆ ಮನೆಗೆ ಬಂದರು. ಮೋಟುಗೋಡೆಯ ಈಚೆ ಸ್ಟೂಲಿನ ಮೇಲೆ ಕೂತರು. ಎರಡೂವರೆಗೆ ಗಂಟಲು ಸರಿಮಾಡಿಕೊಂಡು, "ಸಮಯ ಈಗ ಎರಡು ಗಂಟೆ ಮೂವತ್ತು ನಿಮಿಷ" ಎಂದರು. ನಾನು ಇಣುಕಿ ನೋಡಿದೆ. ಐದು ತಿಂಗಳಲ್ಲಿ ನಾನು ಆ ಮುಖ ನೋಡಿರಲಿಲ್ಲ. ಬೆನ್ನು ನೆಟ್ಟಗಾಯಿತು, ಕಣ್ಣಿನಲ್ಲಿ ಹಳೆಯ ಮನುಷ್ಯ ಬಂದು ನಿಂತ. "ಬಂತು, ಬಂತು" ಎಂದು ಕುರ್ಚಿಯನ್ನು ಹಲಗೆಯ ಹತ್ತಿರ ಎಳೆದುಕೊಂಡರು. ಆದರೆ ಉದ್ಘೋಷಕಿಗೆ ಮುಂದೆ ಹೇಳಲು ಏನೂ ಇರಲಿಲ್ಲ. ಕಾರ್ಯಕ್ರಮದ ಹೆಸರು ಕೂಡ ಬಾಯಿಗೆ ಬರಲಿಲ್ಲ. ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಎರಡು ನಿಮಿಷ ಬಿಟ್ಟು, ಅದೇ ದನಿಯಲ್ಲಿ, "ತಾಂತ್ರಿಕ ಅಡಚಣೆಗಾಗಿ ವಿಷಾದಿಸುತ್ತೇವೆ. ಈ ಕಾರ್ಯಕ್ರಮ ನಾಳೆ ಇದೇ ಹೊತ್ತಿಗೆ ಮುಂದುವರಿಯುವುದು" ಎಂದುಬಿಟ್ಟರು.

ಯಜಮಾನರು ಎದ್ದು ಹೋಗಿ ಕೈ ತೊಳೆದುಕೊಂಡು ಬಂದು ಉಂಡರು, ಅರ್ಧ ತಟ್ಟೆ. ನೀವು ಹೇಳಿದಿರಿ, ಅವರು ನಂಬಿದರು. ನಿಮ್ಮ ನಿಲಯದ ಮಾತಿಗೆ ಇನ್ನೂ ಆ ಬೆಲೆ ಕೊಡುವವರು ಈ ಊರಿನಲ್ಲಿ ಎಷ್ಟು ಜನ ಉಳಿದಿದ್ದಾರೆ ಎಂದು ನಿಮಗೆ ಗೊತ್ತೇ?

ಒಂಬತ್ತು ದಿನ ಆ ಉದ್ಘೋಷಕಿ ದಿನಾ ಬಂದು ಅದನ್ನೇ ಹೇಳಿದರು. ಒಂಬತ್ತು ದಿನ ಊಟ ನಡೆಯಿತು, ದಿನಕ್ಕೆ ಒಂದೊಂದು ತುತ್ತು ಕಡಿಮೆಯಾಗುತ್ತ. ಹತ್ತನೆಯ ದಿನ ಯಜಮಾನರು ತಟ್ಟೆ ಸರಿಸಿದರು. ಸಿಟ್ಟಿಲ್ಲ, ಅಳುವಿಲ್ಲ. ಹಲಗೆಯ ಹತ್ತಿರ ಹೋಗಿ, ಕಷ್ಟದಲ್ಲಿರುವ ಸ್ನೇಹಿತನಿಗೆ ಸಮಾಧಾನ ಹೇಳುವ ಹಾಗೆ, ಆ ಮೂಕ ಪೆಟ್ಟಿಗೆಗೆ ಹೇಳಿದರು: "ಕಳೆದುಹೋಯ್ತಾ? ಪರವಾಗಿಲ್ಲ, ನಿಧಾನಕ್ಕೆ ಹುಡುಕಿ. ನಾನು ಇಲ್ಲೇ ಇರ್ತೀನಿ." ಗೋಡೆಯ ಈಚೆ ನಾವಿಬ್ಬರು ಮುದುಕಿಯರು ಬಾಯಿಗೆ ಸೆರಗು ಒತ್ತಿಕೊಂಡೆವು.

ಈಗ ನನ್ನ ಬೇಡಿಕೆ. ಹಳೆಯ ಕಾಲವನ್ನು ತಂದುಕೊಡಿ ಎಂದು ನಾನು ಕೇಳುತ್ತಿಲ್ಲ, ಅಷ್ಟು ಬುದ್ಧಿ ನನಗಿದೆ. ನಿಮ್ಮ ನಿಲಯದ ಹೆಸರು ಹೇಳಿ ನಾವು ಒಬ್ಬ ಮನುಷ್ಯನಿಗೆ ಮಾತು ಕೊಟ್ಟುಬಿಟ್ಟಿದ್ದೇವೆ. ಕೇಳದೆ ಕೊಟ್ಟದ್ದು ತಪ್ಪು, ಒಪ್ಪಿದೆ, ಅದಕ್ಕೇನು ಶಿಕ್ಷೆಯೋ ಬರೆದು ತಿಳಿಸಿ. ಆದರೆ ಆ ಮಾತನ್ನು ಉಳಿಸಿ. ಗುಜರಿಯವನ ಗಾಡಿ ಬರುವ ಮೊದಲು ಆ ಉಗ್ರಾಣದ ಬೀಗ ತೆಗೆಸಿ. ನಿಮ್ಮ ಸಿಬ್ಬಂದಿಗೆ ತೊಂದರೆ ಬೇಡ. ಡಬ್ಬದ ಮೇಲಿನ ಚೀಟಿ ಓದಲು ಮೂರನೆಯ ತರಗತಿ ಸಾಕು, ದೂಳು ನನಗೆ ಹೊಸದಲ್ಲ. ಉದ್ಘೋಷಕಿಯವರೂ ಬರುತ್ತಾರೆ, ಒಂದೇ ಒಂದು ಕಂತು ಸಿಕ್ಕರೂ ಓದುತ್ತೇನೆ ಎಂದಿದ್ದಾರೆ. ಅಲ್ಲಿ ಏನೂ ಇಲ್ಲವಾದರೆ, ನಿಮ್ಮ ಆ ಹದಿನೆಂಟು ಗಂಟೆಯ ನಗುವಿನ ನಡುವೆ ಒಂದು ನಿಮಿಷ ಬಿಡುವು ಮಾಡಿ ಕೇಳುಗರನ್ನು ಕೇಳಿ. ಆ ಹೊತ್ತಿನಲ್ಲಿ ಕಾಯಿಲೆ ಮಲಗಿದ್ದವರು, ಬಟ್ಟೆ ಹೊಲಿಯುತ್ತಿದ್ದವರು, ಅಂಗಡಿಯಲ್ಲಿ ಗಿರಾಕಿಯಿಲ್ಲದೆ ಕೂತಿದ್ದವರು ಎಲ್ಲೋ ಇರುತ್ತಾರೆ. ಆ ಕುದುರೆಯ ಹೆಸರು ಗೊತ್ತಿರುವವರು ಯಾರಾದರೂ ಇದ್ದೀರಾ ಎಂದು ಕೇಳಿ.

ಇಲ್ಲೇ ಇರುತ್ತೇನೆ ಎಂದಿದ್ದಾರೆ ಅವರು. ಎಷ್ಟು ದಿನ ಎಂದು ಹೇಳಿಲ್ಲ.

ಇಂತಿ,
ದಿನಾ ಸಂಜೆ ಹೇಳಿಸಿಕೊಂಡೂ ಒಂದು ದಿನವೂ ಕೇಳಿಸಿಕೊಳ್ಳದ
ಬೈಂಡಿಂಗ್‌ನವರ ಹೆಂಡತಿ